ಪದ್ಮಪ್ರಸಾದರು ಸೀರಿಯಸ್ ಆದದ್ದು

ಹೊಸನಗರದಲ್ಲಿ ಮದುವೆಯಾಗುವವರೂ ಸಾಯುವವರೂ ಒಮ್ಮೆ ಪದ್ಮಪ್ರಸಾದರ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ಸಾಯುವವರ ಪರವಾಗಿ ಬೇರೆಯವರು ಹತ್ತುತ್ತಾರೆ, ವ್ಯತ್ಯಾಸ ಅಷ್ಟೇ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಊರಲ್ಲಿ ಅದೊಂದೇ. ಐವತ್ತು ದಾಟಿದ ಪದ್ಮಪ್ರಸಾದರು ವ್ಯವಹಾರದಲ್ಲಿ ಚೊಕ್ಕ, ಕುರ್ಚಿಗಳೂ ಚೊಕ್ಕ. ಬಾಯಿ ಮಾತ್ರ ಅವರ ಅಧೀನದಲ್ಲಿರಲಿಲ್ಲ.

ಮದುಮಗಳ ಅಪ್ಪ ಬಂದು, "ಕುರ್ಚಿ ಗಟ್ಟಿ ಇದಾವಾ?" ಎಂದರೆ, "ಮದುವೆಗಿಂತ ಗಟ್ಟಿ ಇದಾವೆ, ಧೈರ್ಯವಾಗಿ ಕೂರಿ" ಎನ್ನುತ್ತಿದ್ದರು. ಸಾವಿನ ಮನೆಯವರು ಬಂದು, "ನೂರು ಕುರ್ಚಿ ಸಾಕಾಗುತ್ತಾ?" ಎಂದು ಕಣ್ಣೊರೆಸಿಕೊಂಡರೆ, "ತೀರಿಕೊಂಡೋರು ಒಳ್ಳೆಯವರಾ, ಶ್ರೀಮಂತರಾ? ಒಳ್ಳೆಯವರಾದ್ರೆ ಐವತ್ತು ಸಾಕು" ಎನ್ನುತ್ತಿದ್ದರು. ಊರವರಿಗೆ ಇದು ಅಭ್ಯಾಸವಾಗಿತ್ತು. ಬೈದುಕೊಂಡೇ ಕುರ್ಚಿ ಒಯ್ಯುತ್ತಿದ್ದರು, ನಗುತ್ತಾ ವಾಪಸ್ ತರುತ್ತಿದ್ದರು.

ಕಾರ್ಗಲ್‌ನ ಸನ್ಮತಿ ಕುಮಾರರಿಗೆ ಆ ಅಭ್ಯಾಸ ಇರಲಿಲ್ಲ.

ಸನ್ಮತಿ ಕುಮಾರರು ವಿದ್ಯುತ್ ಯೋಜನೆಯ ಉಗ್ರಾಣ ನೋಡಿಕೊಂಡು ನಿವೃತ್ತರಾದವರು. ಅವರ ಮುಖ ನೋಡಿದರೆ ಈಗಷ್ಟೇ ಯಾರೋ ಬಂದು ಒಂದು ನಟ್ಟು ಕಡಿಮೆ ಬಿದ್ದಿದೆ ಎಂದು ತಿಳಿಸಿದ ಹಾಗಿರುತ್ತಿತ್ತು. ಅವರ ಮಗ ಸಂಯಮ್ ಸಾಗರದ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅದೇ ಶಾಲೆಯಲ್ಲಿ ಪದ್ಮಪ್ರಸಾದರ ಮಗಳು ಸಿಂಚನಾ ವಿಜ್ಞಾನದ ಟೀಚರು. ಎರಡೂ ಜೈನರ ಮನೆ, ಜಾತಕ ಕೂಡಿ ಬಂದಿತ್ತು. ಸಾಗರದಲ್ಲಿ ನೆಂಟರ ಮನೆಯ ಊಟದಲ್ಲಿ ಇಬ್ಬರು ಅಪ್ಪಂದಿರನ್ನೂ ಅಕ್ಕಪಕ್ಕ ಕೂರಿಸಿದ್ದರು.

"ನಿಮ್ಮ ಮಗಳ ಸ್ವಭಾವ ಹೇಗೆ?" ಎಂದು ಸನ್ಮತಿ ಕುಮಾರರು ಕೇಳಿದರು.

"ಥೇಟ್ ಅವಳಮ್ಮನ ಹಾಗೆ. ಆದ್ರೆ ಹೆದರ್ಬೇಡಿ, ನಾನಿನ್ನೂ ಬದುಕಿದ್ದೀನಲ್ಲ" ಎಂದರು ಪದ್ಮಪ್ರಸಾದರು.

ಪಂಕ್ತಿಯಲ್ಲಿದ್ದವರೆಲ್ಲ ನಕ್ಕರು. ಸನ್ಮತಿ ಕುಮಾರರು ಕೈಯಲ್ಲಿದ್ದ ಪಾಯಸದ ಲೋಟವನ್ನು ಕೆಳಗಿಟ್ಟರು. ಎರಡು ದಿನ ಬಿಟ್ಟು ಪದ್ಮಪ್ರಸಾದರ ಹೆಂಡತಿ ಧರ್ಮಾವತಿಗೆ ಅವರಿಂದ ಫೋನ್ ಬಂತು. "ಹುಡುಗಿ ಬಗ್ಗೆ ಮಾತಿಲ್ಲ. ಆದರೆ ನಿಮ್ಮ ಯಜಮಾನರು ಸೀರಿಯಸ್ ಮನುಷ್ಯ ಅಲ್ಲ. ಅಂಥ ಮನೆಯಲ್ಲಿ ಸಂಬಂಧ ಬೆಳೆಸೋದು ಹೇಗೆ ಅಂತ ಯೋಚನೆ. ಭಾನುವಾರ ಬಂದು ಇನ್ನೊಂದು ಸಲ ನೋಡ್ತೀವಿ."

ಧರ್ಮಾವತಿ ಇದನ್ನು ಗಂಡನಿಗೆ ಹೇಳಿದರೆ, "ನೋಡೋದು ಹುಡುಗೀನಾ, ನನ್ನನ್ನಾ? ನಾನು ಸೀರೆ ಉಡಬೇಕಾ?" ಎಂದರು ಅವರು.

ಅಷ್ಟರಲ್ಲಿ ಸಿಂಚನಾ ಒಳಗಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಹುಟ್ಟಿದಾಗಿನಿಂದ ಅಪ್ಪನ ಹತ್ತಿರ ಏನನ್ನೂ ಹಟ ಮಾಡಿ ಕೇಳಿದ ಹುಡುಗಿಯಲ್ಲ. "ಅಪ್ಪ, ನಾವಿಬ್ರೂ ಸೀರಿಯಸ್ ಆಗಿದ್ದೀವಿ" ಎಂದಳು.

ಪದ್ಮಪ್ರಸಾದರು ಕುರ್ಚಿಯಿಂದ ಎದ್ದೇಬಿಟ್ಟರು. "ಇಬ್ರೂನಾ? ಯಾವಾಗಿಂದ? ಡಾಕ್ಟ್ರಿಗೆ ತೋರಿಸಿದ್ರಾ?"

ಅವರು ತಮಾಷೆಗೆ ಅಂದದ್ದಲ್ಲ. ಹೊಸನಗರದಲ್ಲಿ ಒಬ್ಬ ಮನುಷ್ಯ ಸೀರಿಯಸ್ ಆಗಿದ್ದಾನೆ ಎಂದರೆ ಕುರ್ಚಿ ತೊಳೆಸಿಡಬೇಕು ಎಂದೇ ಅವರ ವೃತ್ತಿ ಅವರಿಗೆ ಕಲಿಸಿತ್ತು. ಆದರೆ ಮಗಳಿಗೆ ಅದು ಇನ್ನೊಂದು ತಮಾಷೆಯಾಗಿ ಕೇಳಿಸಿತು. "ಇದೇ ಅಪ್ಪ. ಇದಕ್ಕೇ ಅವರು ಯೋಚನೆ ಮಾಡ್ತಿರೋದು" ಎಂದು ಹೇಳಿ, ಮುಖ ಆ ಕಡೆ ತಿರುಗಿಸಿ ಒಳಗೆ ಹೋದಳು. ಹೋಗುವಾಗ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಪದ್ಮಪ್ರಸಾದರಿಗೆ ಕಂಡಿತು. ಧರ್ಮಾವತಿ ಆ ಪದದ ಮೂರನೆಯ ಅರ್ಥವನ್ನು ಬಿಡಿಸಿ ಹೇಳಿದ ಮೇಲೆ ಅವರು ಬಹಳ ಹೊತ್ತು ಸುಮ್ಮನೆ ಕೂತರು. ಮದುವೆಯಾದ ಮೇಲೆ ಗಂಡ ಅಷ್ಟು ಹೊತ್ತು ಸುಮ್ಮನಿದ್ದುದನ್ನು ಧರ್ಮಾವತಿ ನೋಡಿದ್ದು ಅದೇ ಮೊದಲು.

"ಆಯ್ತು. ಭಾನುವಾರ ಸಂಜೆವರೆಗೆ ನಾನು ಸೀರಿಯಸ್" ಎಂದರು ಪದ್ಮಪ್ರಸಾದರು.

ಹೇಳುವುದು ಸುಲಭ. ಕನ್ನಡಿಯ ಮುಂದೆ ನಿಂತು ಮುಖ ಬಿಗಿದು ನೋಡಿದರು. "ಹೊಟ್ಟೆ ಕಟ್ಟಿದ ಹಾಗೆ ಕಾಣುತ್ತೆ" ಎಂದರು ಧರ್ಮಾವತಿ. ಹುಬ್ಬು ಸ್ವಲ್ಪ ಇಳಿಸಿದರು. "ಈಗ ಭೇದಿ ಆದ ಹಾಗೆ." ಕೊನೆಗೆ ಎರಡರ ಮಧ್ಯದಲ್ಲಿ ಒಂದು ಮುಖವನ್ನು ಹುಡುಕಿ ಅಲ್ಲೇ ನಿಲ್ಲಿಸಿಕೊಂಡರು. ಮುಖ ಸಿಕ್ಕಿತು, ಇನ್ನು ಮಾತು ಬೇಕಲ್ಲ. ಸುಮ್ಮನೆ ಕೂತರೆ ಬೀಗರು ಮೂಗ ಎಂದುಕೊಂಡಾರು. ಹಾಗಾಗಿ ಬಸದಿಯ ಪ್ರವಚನಗಳಲ್ಲಿ ಕಿವಿಗೆ ಬಿದ್ದ ಎರಡು ಮೂರು ತೂಕದ ವಾಕ್ಯಗಳನ್ನು ಬಾಯಿಪಾಠ ಮಾಡಿದರು. "ಸಂಸಾರ ಅಸಾರ." "ಜೀವ ಬೇರೆ, ದೇಹ ಬೇರೆ." "ನಾಳೆ ಕಂಡವರು ಯಾರು?"

ಶನಿವಾರ ಅಂಗಡಿಯಲ್ಲಿ ತಾಲೀಮು ನಡೆಯಿತು. ಗೃಹಪ್ರವೇಶಕ್ಕೆ ಕೊಪ್ಪರಿಗೆ ಕೇಳಲು ಬಂದವರೊಬ್ಬರಿಗೆ ಕೊಪ್ಪರಿಗೆ ತೋರಿಸಿ ಬಾಡಿಗೆ ಹೇಳಿದರು. ಅಷ್ಟೇ. ಬಂದವರು ತಮಾಷೆಗಾಗಿ ಕಾದು ನಿಂತರು. ಬರಲಿಲ್ಲ. ಕೊಪ್ಪರಿಗೆಯಲ್ಲೇ ಏನೋ ದೋಷವಿರಬೇಕೆಂದು ಅನುಮಾನಪಟ್ಟು ಅದನ್ನು ಬಿಟ್ಟೇ ಹೋದರು. ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ ಕಂಬ ಹೊತ್ತ ಕನ್ನಪ್ಪ ಹತ್ತಿರ ಬಂದು, "ಸಾವ್ಕಾರ್ರೆ, ಮೈಗೆ ಹುಷಾರಿಲ್ವಾ?" ಎಂದು ಕೇಳಿದ.

"ಜೀವ ಬೇರೆ, ದೇಹ ಬೇರೆ ಕನ್ನಪ್ಪ" ಎಂದರು ಪದ್ಮಪ್ರಸಾದರು. ಕನ್ನಪ್ಪ ಕೈಯಲ್ಲಿದ್ದ ಹಗ್ಗ ಬಿಟ್ಟ.

ಅದೇ ಹೊತ್ತಿಗೆ ಮನೆಯಲ್ಲಿ ಪಕ್ಕದ ಮನೆಯ ಮೂಕಮ್ಮ ಬೇಲಿಯ ಹತ್ತಿರ ಬಂದಿದ್ದಳು. ಹುಟ್ಟಿದಾಗ ಕೊಲ್ಲೂರು ತಾಯಿಗೆ ಹರಕೆ ಹೊತ್ತು ಇಟ್ಟ ಹೆಸರು ಅದು. ದೇವಿ ಆ ಹೆಸರಿನ ಭಾರವನ್ನೆಲ್ಲ ತಾನೇ ಹೊತ್ತುಕೊಂಡು ಮೂಕಮ್ಮನ ನಾಲಗೆಯನ್ನು ಪೂರ್ತಿ ಸ್ವತಂತ್ರವಾಗಿ ಬಿಟ್ಟಿದ್ದಳು. "ಏನ್ ಧರ್ಮಾವತಮ್ಮ, ಯಜಮಾನ್ರು ಬೆಳಿಗ್ಗೆ ನನ್ನ ನೋಡಿಯೂ ಮಾತಾಡ್ಲಿಲ್ಲ?" ಎಂದಳು.

ಧರ್ಮಾವತಿ ಮಿಕ್ಸಿಗೆ ಕಾಯಿ ಹಾಕುವ ಗಡಿಬಿಡಿಯಲ್ಲಿದ್ದರು. "ಎಂತ ಹೇಳೋದು ಮೂಕಮ್ಮ, ಇವ್ರು ನಿನ್ನೆಯಿಂದ ಸೀರಿಯಸ್ ಆಗಿದ್ದಾರೆ. ನಾಳೆ ಸಂಜೆವರೆಗೆ ಹೀಗೇ ಇದ್ರೆ ಸಾಕು ಅಂತ ದೇವರಿಗೆ ಕೈ ಮುಗೀತಾ ಇದ್ದೀನಿ" ಎಂದು ಮಿಕ್ಸಿ ತಿರುಗಿಸಿದರು. ಆಮೇಲೆ ಮೂಕಮ್ಮ ಕೇಳಿದ್ದು ಅವರಿಗೆ ಕೇಳಿಸಲಿಲ್ಲ. ಮೂಕಮ್ಮ ಎದೆ ಹಿಡಿದುಕೊಂಡದ್ದೂ ಕಾಣಲಿಲ್ಲ.

ಭಾನುವಾರ ಮೊದಲ ಬಸ್ಸಿಗೇ ಸಾಗರದಿಂದ ಧರ್ಮಾವತಿಯ ಅಕ್ಕ ಎಳನೀರಿನ ಗೊಂಚಲು ಹಿಡಿದು ಇಳಿದರು. ಹಿಂದೆಯೇ ಅವರ ಮನೆ ಮಂದಿ. ಆಮೇಲೆ ರಿಪ್ಪನ್‌ಪೇಟೆಯವರು, ಅವರ ಹಿಂದೆ ಬ್ರೆಡ್ಡು, ಗ್ಲೂಕೋಸ್ ಡಬ್ಬಿ, ಮೂಸಂಬಿ ಹಿಡಿದ ಬೀದಿಯವರು. ಗಂಡಿನ ಕಡೆಯವರು ಬರುತ್ತಾರೆಂದು ಹೆಂಡತಿ ಇವರನ್ನೆಲ್ಲ ಕರೆದಿದ್ದಾಳೆ ಎಂದು ಪದ್ಮಪ್ರಸಾದರು ತಿಳಿದರು. ಗಂಡ ಕರೆದಿರಬೇಕು ಎಂದು ಧರ್ಮಾವತಿ ಒಳಗೆ ಇನ್ನೊಂದು ಸೇರು ಅಕ್ಕಿ ಹಾಕಿದರು. ಅವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಇಷ್ಟು ಜನಕ್ಕೆ ಹೊತ್ತಿಳಿಯುವುದರೊಳಗೆ ಬಡಿಸಿ ಮುಗಿಸುವ ಚಿಂತೆಯಲ್ಲಿ ಅವರಿಗೆ ಬೇರೆ ಏನೂ ಹೊಳೆಯಲಿಲ್ಲ.

ಪದ್ಮಪ್ರಸಾದರು ಬಿಳಿ ಪಂಚೆ ಉಟ್ಟು, ಅಭ್ಯಾಸದ ಮುಖ ತೊಟ್ಟು ಜಗುಲಿಯ ಈಸಿಚೇರಿನಲ್ಲಿ ಕೂತಿದ್ದರು. ಸಾಗರದ ಅತ್ತಿಗೆ ಅವರ ಕೈ ಹಿಡಿದು, "ಹೇಗಿದ್ದೀರಿ?" ಎಂದು ನಡುಗುವ ದನಿಯಲ್ಲಿ ಕೇಳಿದರು.

"ನಾಳೆ ಕಂಡವರು ಯಾರು ಅತ್ತಿಗೆ?" ಎಂದರು ಪದ್ಮಪ್ರಸಾದರು.

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಮಾತು ಚೆನ್ನಾಗಿ ನಾಟಿತೆಂದು ಪದ್ಮಪ್ರಸಾದರಿಗೆ ಹುರುಪು ಬಂತು. ಮುಂದೆ ಬಂದವರಿಗೆಲ್ಲ ಒಂದೊಂದು ವಾಕ್ಯ ಹಂಚಿದರು. ಹಂಚಿದ ಹಾಗೆ ಅಳು ಹೆಚ್ಚಿತು. ಸೀರಿಯಸ್ ಮನುಷ್ಯರಿಗೆ ಸಮಾಜದಲ್ಲಿ ಇಷ್ಟು ಮರ್ಯಾದೆ ಇದೆಯೆಂದು ತಮಗೆ ಮೊದಲೇ ಗೊತ್ತಿರಲಿಲ್ಲವಲ್ಲ ಎಂದು ಅವರು ಒಳಗೊಳಗೇ ಮರುಗಿದರು.

ಮಧ್ಯಾಹ್ನದ ಹೊತ್ತಿಗೆ ಅವರದೇ ಅಂಗಡಿಯ ಗಾಡಿ ಅವರದೇ ಕುರ್ಚಿಗಳನ್ನು ಹೇರಿಕೊಂಡು ಅಂಗಳಕ್ಕೆ ಬಂತು. ಕನ್ನಪ್ಪ ಇಳಿದು ತಲೆ ತಗ್ಗಿಸಿ ನಿಂತ.

"ಯಾರು ತರೋಕೆ ಹೇಳಿದ್ದು?"

"ಮೂಕಮ್ಮೋರು ಫೋನ್ ಮಾಡಿದ್ರು. ಸಂಜೆಗೆ ಬೇಕಾಗ್ಬಹುದು ಅಂದ್ರು."

"ಯಾವ ಕಾರ್ಯಕ್ಕೆ ಅಂತ ಕೇಳ್ಲಿಲ್ವಾ?"

"ಕೇಳೋಕೆ ಬಾಯಿ ಬರ್ಲಿಲ್ಲ ಸಾವ್ಕಾರ್ರೆ. ಅದಕ್ಕೇ ಬಿಳಿ ಶಾಮಿಯಾನನೂ ತಂದೆ, ಬಣ್ಣದ್ದೂ ತಂದೆ."

ಸಾವಿಗೆ ಬಿಳಿ, ಮದುವೆಗೆ ಬಣ್ಣ ಎನ್ನುವುದು ಅವರ ಅಂಗಡಿಯ ಪದ್ಧತಿ. ಬೀಗರು ಬರುವ ದಿನ ಬಿಳಿಯದೇಕೆ ಎಂದುಕೊಂಡ ಪದ್ಮಪ್ರಸಾದರು, "ಬಣ್ಣದ್ದು ಕಟ್ಟು" ಎಂದರು. ಸಾವ್ಕಾರರ ಕೊನೆಯ ಆಸೆ ಎಂದು ಕನ್ನಪ್ಪ ಬಿಕ್ಕುತ್ತಲೇ ಕಂಬ ಹುಗಿದು, ಕೆಂಪು ಹಳದಿ ಝಾಲರಿನ ಶಾಮಿಯಾನವನ್ನು ಎಂದೂ ಕಟ್ಟದಷ್ಟು ಚಂದವಾಗಿ ಕಟ್ಟಿದ. ಅದರ ಕೆಳಗೆ ಊರವರೆಲ್ಲ ಸಾಲಾಗಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಹೀಗಿರುವಾಗ ಸನ್ಮತಿ ಕುಮಾರರ ಕಾರು ಗೇಟಿನ ಮುಂದೆ ನಿಂತಿತು. ಮಗ ಸಂಯಮ್ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಹೋದ. ಸನ್ಮತಿ ಕುಮಾರರು ಒಬ್ಬರೇ ಇಳಿದು ಬಂದರು. ಗೇಟಿನಲ್ಲಿ ಮೂಕಮ್ಮ ಎದುರಾದಳು.

"ಬನ್ನಿ, ಬೇಗ ಬನ್ನಿ. ಯಜಮಾನ್ರು ಸೀರಿಯಸ್ ಆಗಿದ್ದಾರೆ."

"ಹೌದಾ? ಯಾವಾಗಿನಿಂದ?" ಎಂದರು ಸನ್ಮತಿ ಕುಮಾರರು.

"ಮೊನ್ನೆಯಿಂದ."

"ಒಳ್ಳೇದಾಯ್ತು. ನಾನು ಫೋನಿನಲ್ಲಿ ಹೇಳಿದ ಮೇಲೇ ಆಗಿದ್ದು ಹಾಗಾದ್ರೆ."

ಮೂಕಮ್ಮ ಜೀವನದಲ್ಲಿ ಮೊದಲ ಸಲ ತನ್ನ ಹೆಸರಿಗೆ ತಕ್ಕ ಹಾಗೆ ನಿಂತಳು. ಸನ್ಮತಿ ಕುಮಾರರು ಸಮಾಧಾನದಿಂದ ಮುಂದುವರಿಸಿದರು. "ಈ ವಯಸ್ಸಿಗೆ ಆಗ್ಬೇಕಾದ್ದೇ. ಇಷ್ಟು ದಿನ ಆಗದೇ ಇದ್ದಿದ್ದೇ ತಪ್ಪು. ಇನ್ನು ಮುಂದೆ ಹೀಗೇ ಇರ್ಲಿ, ಮತ್ತೆ ಮೊದಲಿನ ಹಾಗೆ ಆಗದಂತೆ ಮನೆಯವರು ನೋಡ್ಕೋಬೇಕು."

ಹತ್ತಿರದ ಕುರ್ಚಿಯವರು ಎದ್ದರು. ಅವರ ಹಿಂದಿನ ಸಾಲಿನವರೂ ಎದ್ದರು. "ಯಾರ್ರೀ ನೀವು? ಮನುಷ್ಯರಾ?" ಎಂದು ರಿಪ್ಪನ್‌ಪೇಟೆಯ ಹಿರಿಯರೊಬ್ಬರು ಮುಂದೆ ಬಂದರು. ಇವರು ಫೋನಿನಲ್ಲಿ ಏನೋ ಅಂದದ್ದಕ್ಕೇ ಪದ್ಮಪ್ರಸಾದರು ಹಾಸಿಗೆ ಹಿಡಿದದ್ದು ಎಂಬ ಸುದ್ದಿ ಮೂಕಮ್ಮನ ನಾಲಗೆ ಮರಳಿ ಬಂದ ಕೂಡಲೇ ಹಿಂದಿನ ಸಾಲಿನವರೆಗೆ ತಲುಪಿತು. ಸನ್ಮತಿ ಕುಮಾರರ ಅಂಗಿಯ ಕಾಲರಿಗೆ ಕೈ ಹೋಗುವುದರೊಳಗೆ ಸೈರನ್ ಕೂಗುತ್ತಾ ಆಂಬುಲೆನ್ಸ್ ಬಂತು. ಸಾಗರದ ಅತ್ತಿಗೆ ಫೋನ್ ಮಾಡಿಸಿದ್ದರು.

ಡ್ರೈವರನ ಹೆಸರು ಭೂತಪ್ಪ. ಹೆಸರು ಕೇಳಿಯೇ ಅರ್ಧ ರೋಗಿಗಳು ಎದ್ದು ಕೂರುತ್ತಾರೆಂಬ ಖ್ಯಾತಿ ಅವನಿಗಿತ್ತು. "ಯಾರು ಸೀರಿಯಸ್ಸು?" ಎಂದ. ಇಡೀ ಶಾಮಿಯಾನ ಜಗುಲಿಯ ಕಡೆ ಕೈ ತೋರಿಸಿತು. ಭೂತಪ್ಪನೂ ಅವನ ಜೊತೆಯವನೂ ಪದ್ಮಪ್ರಸಾದರನ್ನು ಎತ್ತಿ ಸ್ಟ್ರೆಚರಿನ ಮೇಲಿಟ್ಟು ಪಟ್ಟಿ ಬಿಗಿದರು. ಅಲ್ಲಿಗೆ ಪದ್ಮಪ್ರಸಾದರಿಗೆ ಬೆಳಿಗ್ಗೆಯಿಂದ ನಡೆದದ್ದೆಲ್ಲ ಒಟ್ಟಿಗೆ ಅರ್ಥವಾಯಿತು.

"ನಂಗೇನೂ ಆಗಿಲ್ಲ. ಸೀರಿಯಸ್ ಆಗೇ ಹೇಳ್ತಿದ್ದೀನಿ" ಎಂದರು.

"ನೋಡಿ, ಅವರೇ ಒಪ್ಕೊಂಡ್ರು" ಎಂದ ಭೂತಪ್ಪ.

ಸಿಂಚನಾ ಓಡಿ ಬಂದು, "ಅಪ್ಪ ಆರೋಗ್ಯವಾಗೇ ಇದ್ದಾರೆ" ಎಂದಳು. ಪಾಪ, ಮಗುವಿಗೆ ಇನ್ನೂ ಹೇಳಿಲ್ಲ ಎಂದು ಹೆಂಗಸರು ಅವಳನ್ನು ತಬ್ಬಿಕೊಂಡರು. ಧರ್ಮಾವತಿ ಸೌಟು ಹಿಡಿದೇ ಹೊರಗೆ ಬಂದು, "ನಾನು ಹೇಳಿದ್ದು ಆ ಸೀರಿಯಸ್ ಅಲ್ಲ ಕಣ್ರೀ" ಎಂದರು. "ಸೀರಿಯಸ್ಸಲ್ಲಿ ಎಷ್ಟು ಥರ ಇದೆ ಧರ್ಮಾವತಮ್ಮ?" ಎಂದು ಮೂಕಮ್ಮ ಕೇಳಿದಳು.

ಆ ಪ್ರಶ್ನೆ ಕೇಳಿ ಮುಂದಿನ ಸಾಲಿನಿಂದ ಮುಕುಂದಯ್ಯ ಮೇಷ್ಟ್ರು ಎದ್ದು ನಿಂತರು. ಮೇಳಿಗೆ ಎಂಬ ಊರಿನವರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಪದ್ಮಪ್ರಸಾದರಿಗೂ ಪಾಠ ಹೇಳಿದ್ದವರು. ಹಳೆಯ ಶಿಷ್ಯನ ಮುಖ ನೋಡಿ ಹೋಗೋಣವೆಂದು ಬಂದಿದ್ದರು. ನಿವೃತ್ತಿಯಾದ ಮೇಲೆ ಅವರನ್ನು ಯಾರೂ ವ್ಯಾಕರಣದ ಪ್ರಶ್ನೆ ಕೇಳಿರಲಿಲ್ಲ.

"ಸೀರಿಯಸ್ ಅನ್ನೋದು ವಿಶೇಷಣ" ಎಂದು ಅವರು ಆರಂಭಿಸಿದರು. "ವಿಶೇಷಣಕ್ಕೆ ಸ್ವಂತ ಕಾಲಿಲ್ಲ. ಯಾರ ಹೆಗಲ ಮೇಲೆ ಕೂತಿದೆ ನೋಡ್ಬೇಕು. ಕಾಯಿಲೆ ಮೇಲೆ ಕೂತ್ರೆ ಪ್ರಾಣಕ್ಕೆ ಅಪಾಯ. ಮುಖದ ಮೇಲೆ ಕೂತ್ರೆ ನಗು ಇಲ್ಲ. ಹುಡುಗ ಹುಡುಗಿ ಮೇಲೆ ಕೂತ್ರೆ ಮದುವೆ ಖರ್ಚು. ಈಗ ನೀವು ಕೇಳಿದ ವಾಕ್ಯ ಹೇಳಿ."

"ಇವ್ರು ಸೀರಿಯಸ್ ಆಗಿದ್ದಾರೆ" ಎಂದಳು ಮೂಕಮ್ಮ, ಪಾಠ ಒಪ್ಪಿಸುವ ಹುಡುಗಿಯಂತೆ.

"ದೋಷ. ಏನು ಬೇಕಾದ್ರೂ ಆಗುತ್ತೆ."

"ಕನ್ನಡದಲ್ಲಿ ಹೇಳಿ ಮುಗಿಸಿ ಮೇಷ್ಟ್ರೆ" ಎಂದು ಸನ್ಮತಿ ಕುಮಾರರು ಕಾಲರ್ ಸರಿಮಾಡಿಕೊಳ್ಳುತ್ತಾ ಅಂದರು. "ಗಂಭೀರ. ನಾನು ಹೇಳಿದ್ದು ಅದು."

"ಪೇಪರಿನಲ್ಲಿ 'ಸ್ಥಿತಿ ಗಂಭೀರ' ಅಂತ ಬಂದ್ರೆ ಏನರ್ಥ?" ಎಂದು ಮೇಷ್ಟ್ರು ಸಭೆಯನ್ನು ಕೇಳಿದರು. ಸಭೆ ಒಟ್ಟಾಗಿ ಅಯ್ಯೋ ಎಂದಿತು.

"ಮೇಷ್ಟ್ರೆ, ವ್ಯಾಕರಣ ದಾರೀಲಿ ನೋಡ್ಕೊಳ್ಳೋಣ" ಎಂದ ಭೂತಪ್ಪ. "ನಂಗೆ ಫೋನಲ್ಲಿ ಸೀರಿಯಸ್ ಅಂದ್ರು, ಬಂದೆ. ಸುಮಾರಾಗಿದ್ದಾರೆ ಅಂದಿದ್ರೆ ಊಟ ಮಾಡ್ಕೊಂಡು ಬರ್ತಿದ್ದೆ."

"ಇರಪ್ಪ. ಒಂದೇ ಒಂದು ಪರೀಕ್ಷೆ" ಎಂದು ಮೇಷ್ಟ್ರು ಸ್ಟ್ರೆಚರಿನ ಮೇಲೆ ಬಾಗಿದರು. "ಪದ್ಮಪ್ರಸಾದ, ಒಂದು ತಮಾಷೆ ಮಾತಾಡು. ಆಡಿದ್ರೆ ನೀನು ಆರೋಗ್ಯವಾಗಿದ್ದೀಯ ಅಂತ ಇಡೀ ಹೊಸನಗರ ಒಪ್ಪುತ್ತೆ."

ಪದ್ಮಪ್ರಸಾದರ ನಾಲಗೆಯ ತುದಿಗೆ ಎರಡು ದಿನದ ತಮಾಷೆಗಳೆಲ್ಲ ನೂಕುನುಗ್ಗಲಿನಲ್ಲಿ ಬಂದು ನಿಂತಿದ್ದವು. ಮೂಕಮ್ಮನ ಮೇಲೆಯೇ ಮೂರು ಇದ್ದವು. ಬಾಯಿ ತೆರೆದರು. ಆಗ ಸ್ಟ್ರೆಚರಿನ ಆ ಬದಿಯಲ್ಲಿ ಸನ್ಮತಿ ಕುಮಾರರು ಕತ್ತು ಮುಂದೆ ಚಾಚಿ ಕಾಯುತ್ತಿದ್ದುದು ಕಂಡಿತು. ಅವರ ಹಿಂದೆ ಬಾಗಿಲಲ್ಲಿ ಸಿಂಚನಾ ನಿಂತಿದ್ದಳು. ಕಾರು ನಿಲ್ಲಿಸಿ ಬಂದ ಸಂಯಮ್ ಅವಳ ಪಕ್ಕದಲ್ಲಿದ್ದ. ಮಗಳು ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

ಪದ್ಮಪ್ರಸಾದರು ತಮಾಷೆಗಳನ್ನೆಲ್ಲ ಒಟ್ಟಿಗೆ ನುಂಗಿದರು. "ಸಂಸಾರ ಅಸಾರ ಮೇಷ್ಟ್ರೆ" ಎಂದರು.

ಮುಕುಂದಯ್ಯ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ತಗೊಂಡು ಹೋಗಿ" ಎಂದರು.

ಇಂಥ ಕೇಸಿಗೆ ತೀರ್ಥಹಳ್ಳಿಯ ಆಸ್ಪತ್ರೆಯೇ ಸರಿ ಎಂದು ಜನ ತೀರ್ಮಾನಿಸಿದರು. ಜೊತೆಗೊಬ್ಬ ಹಿರಿಯರು ಬೇಕೆಂದ ಭೂತಪ್ಪ. ಧರ್ಮಾವತಿ ಹೊರಟರೆ ಹೊತ್ತು ಮುಳುಗುವುದರೊಳಗೆ ಅಷ್ಟು ಜನಕ್ಕೆ ಬಡಿಸುವವರಿಲ್ಲ. ಗಂಡ ಆರೋಗ್ಯವಾಗಿರುವುದು ಅವರಿಗಂತೂ ಗೊತ್ತಿತ್ತು, ಜನ ಹಸಿದಿರುವುದೂ ಗೊತ್ತಿತ್ತು. "ಆಗಿದ್ದಕ್ಕೆಲ್ಲ ಕಾರಣರಾದೋರೇ ಹೋಗ್ಲಿ" ಎಂದಳು ಮೂಕಮ್ಮ. ಸನ್ಮತಿ ಕುಮಾರರನ್ನು ಇಬ್ಬರು ಮೂವರು ಹಿಂದಿನಿಂದ ಸಹಾಯ ಮಾಡಿ ಆಂಬುಲೆನ್ಸಿಗೆ ಹತ್ತಿಸಿದರು. ಹಿಂದೆ ಹೊರಟ ಸಂಯಮ್‌ನನ್ನು ಜನ ಸುತ್ತುವರಿದು ಅಂಗಳದಲ್ಲೇ ಉಳಿಸಿಕೊಂಡರು.

ಬಾಗಿಲು ಮುಚ್ಚಿಕೊಂಡಿತು. ಭೂತಪ್ಪ ತಿರುವುಗಳಲ್ಲಿ ಬ್ರೇಕ್ ಹಾಕುವವನಲ್ಲ. ಕೋಣಂದೂರು ಬರುವ ಹೊತ್ತಿಗೆ ಸನ್ಮತಿ ಕುಮಾರರ ಮುಖ ಹಸಿರಾಗಿ, ಕೈ ತಣ್ಣಗಾಗಿ, ಹಣೆಯಲ್ಲಿ ಬೆವರು ಇಳಿಯುತ್ತಿತ್ತು. "ತಲೆ ಸುತ್ತುತ್ತೆ" ಎಂದರು ಸಣ್ಣ ದನಿಯಲ್ಲಿ. ಪದ್ಮಪ್ರಸಾದರು ತಾವೇ ಪಟ್ಟಿ ಬಿಚ್ಚಿ ಎದ್ದು, ಬೀಗರನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಪಟ್ಟಿ ಬಿಗಿದು, ಟವಲಿನಿಂದ ಗಾಳಿ ಹಾಕುತ್ತಾ ಕೂತರು.

ಆಸ್ಪತ್ರೆಯಲ್ಲಿ ಬಾಗಿಲು ತೆಗೆದ ನರ್ಸು, "ಯಾರು ಸೀರಿಯಸ್?" ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು. ಮಲಗಿದವರನ್ನು ಒಳಗೊಯ್ದರು.

ಡಾಕ್ಟರ್ ಶ್ರಾವ್ಯಾ ಎಂಬ ಹುಡುಗಿ ಪರೀಕ್ಷೆ ಮಾಡಿ ಹೊರಗೆ ಬಂದಳು. "ಬಿ.ಪಿ. ತುಂಬಾ ಏರಿದೆ. ಇವತ್ತು ಇಲ್ಲೇ ಇರ್ಲಿ. ಇವರು ಯಾವಾಗ್ಲೂ ಇಷ್ಟು ಬಿಗಿಯಾಗೇ ಇರ್ತಾರಾ?"

"ನಂಗೆ ಗೊತ್ತಿರೋ ಮಟ್ಟಿಗೆ ಹುಟ್ಟಿದಾಗಿನಿಂದ" ಎಂದರು ಪದ್ಮಪ್ರಸಾದರು.

"ಔಷಧಿಗಿಂತ ಇವರಿಗೆ ಮನಸ್ಸು ಹಗುರ ಆಗ್ಬೇಕು. ಹತ್ತಿರ ಕೂತು ಏನಾದ್ರೂ ತಮಾಷೆಯಾಗಿ ಮಾತಾಡಿ. ಸೀರಿಯಸ್ ವಿಷಯ ಒಂದೂ ಬೇಡ" ಎಂದು ಹೇಳಿ ಅವಳು ಹೋದಳು.

ಪದ್ಮಪ್ರಸಾದರು ಮಂಚದ ಪಕ್ಕ ಕೂತರು. ಸನ್ಮತಿ ಕುಮಾರರು ಕಣ್ಣು ಬಿಟ್ಟು ಅವರನ್ನೇ ನೋಡಿದರು. "ನಿಜ ಹೇಳಿ. ನಿಮಗೆ ಏನು ಕಾಯಿಲೆ?"

"ಕಾಯಿಲೆ ಇಲ್ಲ ಸ್ವಾಮಿ. ನೀವು ಸೀರಿಯಸ್ ಆಗಿರ್ಬೇಕು ಅಂದ್ರಿ, ಮಗಳಿಗೋಸ್ಕರ ಆದೆ. ಸ್ಟ್ರೆಚರ್ ಹತ್ತಿಸಿದ್ರು, ಹತ್ತಿದೆ. ಗಂಡಿನ ಕಡೆಯೋರ ಒಂದೇ ಮಾತಿಗೆ ಆಸ್ಪತ್ರೆ ತನಕ ಬಂದಿದ್ದೀನಿ. ಇನ್ನು ಮದುವೆ ಮಾತುಕತೆ, ನಿಶ್ಚಿತಾರ್ಥ, ಧಾರೆ ಎಲ್ಲಾ ಬಾಕಿ ಇದೆ. ಮೊದಲನೇ ದೀಪಾವಳಿಗೆ ಅಳಿಯ ಬರೋ ಹೊತ್ತಿಗೆ ನಾನು ಎಲ್ಲಿ ಮಲಗಿರ್ಬೇಕು ಅಂತ ಈಗ್ಲೇ ಹೇಳ್ಬಿಡಿ. ತೀರ್ಥಹಳ್ಳೀಲಿ ಹೊಳೆ ದಂಡೆ ಚೆನ್ನಾಗಿದೆ, ಜಾಗ ಗುರುತು ಮಾಡಿಟ್ಟು ಹೋಗ್ತೀನಿ."

ಸನ್ಮತಿ ಕುಮಾರರ ಎದೆಯಲ್ಲಿ ಏನೋ ಸದ್ದಾಯಿತು. ಬಹಳ ಕಾಲ ನಿಂತಿದ್ದ ಪಂಪ್‌ಸೆಟ್ಟನ್ನು ಎಳೆದು ಎಳೆದು ಚಾಲೂ ಮಾಡಿದ ಹಾಗೆ ಮೊದಲು ಒಂದು ಕೆಮ್ಮು, ಆಮೇಲೆ ಒಂದು ಗುಟುರು. ಆಮೇಲೆ ಮಂಚ ಕುಲುಕತೊಡಗಿತು. ಕಣ್ಣಲ್ಲಿ ನೀರು ಸುರಿಯಿತು. ನರ್ಸು ಓಡಿ ಬಂದಳು. ಅವಳಿಗೆ ಕೈಯಾಡಿಸಿ ಹೋಗು ಎಂದು, ಉಸಿರು ಸಿಕ್ಕಿದಾಗ ಪದ್ಮಪ್ರಸಾದರ ಕೈ ಹಿಡಿದುಕೊಂಡು, "ಮಾಘದಲ್ಲಿ ಮುಹೂರ್ತ ನೋಡಿಸಿ. ಕುರ್ಚಿ ನಿಮ್ಮದೇ" ಎಂದರು. ಹೇಳಿದ ಕೂಡಲೇ ತಮ್ಮ ಬಾಯಿಂದಲೂ ತಮಾಷೆ ಬಂತೆಂದು ಹೊಳೆದು ಮತ್ತೆ ಕುಲುಕಿದರು.

ಅಷ್ಟರಲ್ಲಿ ಪದ್ಮಪ್ರಸಾದರ ಫೋನ್ ಬಡಿದುಕೊಂಡಿತು. ಹೊಸನಗರದಿಂದ ಸಂಯಮ್. ಹಿಂದೆ ಜನರ ಗದ್ದಲ, ಅದರಲ್ಲಿ ಮೂಕಮ್ಮನ ದನಿ ಬೇರೆಯಾಗಿಯೇ ಕೇಳುತ್ತಿತ್ತು. "ಅಂಕಲ್, ಅಪ್ಪನ್ನ ಅಡ್ಮಿಟ್ ಮಾಡಿದ್ದಾರೆ ಅಂತ ಡ್ರೈವರ್ ಹೇಳಿದ. ಅಪ್ಪ ಹೇಗಿದ್ದಾರೆ?"

ಪದ್ಮಪ್ರಸಾದರು ಉತ್ತರ ಕೊಡುವ ಮುಂಚೆ ಎಂದೂ ಯೋಚಿಸದಷ್ಟು ಯೋಚಿಸಿದರು. ಯಾರಿಗೂ ಎರಡರ್ಥ ಹೊಳೆಯದಂಥ, ಇಂಗ್ಲಿಷಿನ ಸೋಂಕೇ ಇಲ್ಲದಂಥ, ಕಣ್ಣಿಗೆ ಕಂಡಷ್ಟನ್ನೇ ಹೇಳುವ ಒಂದು ಮಾತು ಹುಡುಕಿದರು.

"ನಿಮ್ಮಪ್ಪ ನಗ್ತಾ ಇದ್ದಾರೆ ಕಣಪ್ಪ" ಎಂದರು.

ಆ ಕಡೆ ಸಂಯಮ್ ಒಡೆದ ದನಿಯಲ್ಲಿ ಕೇಳಿದ.

"ಅಪ್ಪ ನಗ್ತಿದ್ದಾರಾ? ಅಷ್ಟು ಸೀರಿಯಸ್ಸಾ ಅಂಕಲ್? ಎಲ್ಲರನ್ನೂ ಕರ್ಕೊಂಡು ಈಗ್ಲೇ ಹೊರಟೆ."